ಹಸಿ ಯೂನಿಫಾರಂ

ಮಳೆ ಹಿಡಿಯಿತೆಂದರೆ ಮನೆಯಲ್ಲಿ ಬಟ್ಟೆ ಒಣಗುವುದೇ ಇಲ್ಲ, ಅಲ್ಲವೇ? ಬೀದಿಗೆಲ್ಲ ಗರಿಗರಿ ಬಟ್ಟೆ ಕೊಡುವ ಇಸ್ತ್ರಿಯವನ ಮನೆಯಲ್ಲೂ ಅದೇ ಗೋಳು. ಮಗಳಿಗೆ ಇದ್ದದ್ದು ಒಂದೇ ಜೊತೆ ಯೂನಿಫಾರಂ. ದಿನಾ ಬೆಳಿಗ್ಗೆ ಹಸಿ ಲಂಗಕ್ಕೆ ಇಸ್ತ್ರಿ ಉಜ್ಜಿ, ಹಬೆಯಾಡುತ್ತಿರುವಾಗಲೇ ತೊಡಿಸಿ ಕಳಿಸುತ್ತಿದ್ದ. ಮೇಲೆ ನೋಡಿದರೆ ಒಣಗಿದ ಹಾಗೇ ಕಾಣುತ್ತಿತ್ತು. ಸೊಂಟದ ದಪ್ಪ ಪಟ್ಟಿ ಮಾತ್ರ ಸಂಜೆಯವರೆಗೂ ತಣ್ಣಗೆ ಮೈಗಂಟಿಕೊಂಡಿರುತ್ತಿತ್ತು.

ಅಲ್ಲೇ ತುರಿಕೆ ಶುರುವಾಯಿತು. ಇವನೋ, ಔಷಧಿ ಅಂಗಡಿಯವನು ಕೊಟ್ಟ ಯಾವುದೋ ಟ್ಯೂಬು ತಂದು ಹಚ್ಚಿದ. ಸ್ವಲ್ಪ ದಿನ ಅಡಗಿದಂತೆ ಮಾಡಿ, ಆಮೇಲೆ ಹೊಟ್ಟೆ ಬೆನ್ನಿಗೆಲ್ಲ ಹಬ್ಬಿತು. ಕೊನೆಗೊಂದು ಸಂಜೆ ಮಗಳು ಚೀಲ ಎಸೆದು ಅತ್ತಳು.

"ನಾ ಇನ್ನು ಸ್ಕೂಲಿಗೆ ಹೋಗಲ್ಲಪ್ಪ. ನನ್ನ ಪಕ್ಕ ಯಾರೂ ಕೂರಲ್ಲ."

ಪಕ್ಕದ ಮನೆಯ ನರ್ಸಕ್ಕ ಬಂದು ನೋಡಿದಳು.

"ಇದು ಹುಳುಕಡ್ಡಿ ಕಣಪ್ಪ. ಹಸಿ ಬಟ್ಟೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ನಾಳೆ ಆಸ್ಪತ್ರೆಗೆ ಕರ್ಕೊಂಡು ಬಾ. ಆ ಅಂಗಡಿ ಟ್ಯೂಬು ಹಚ್ಬೇಡ. ಡಾಕ್ಟ್ರು ಕೊಡೋ ಔಷಧಿ ಅವ್ರು ಹೇಳೋವರೆಗೂ ಬಿಡ್ಬೇಡ. ಇವಳ ಬಟ್ಟೆ, ಟವೆಲ್ ಬೇರೆಯವ್ರು ಬಳಸ್ಬೇಡಿ. ಒಣಗಿರೋ ಮನೆ ಫ್ರಾಕ್ ಹಾಕಿ ಸ್ಕೂಲಿಗೆ ಕಳ್ಸು."

"ಬಣ್ಣದ ಬಟ್ಟೇಲಾ? ಆಗಲ್ಲಕ್ಕ! ಗೇಟಲ್ಲೇ ನಿಲ್ಲಿಸ್ತಾರೆ."

"ಹೋಗಿ ಕೇಳಿದ್ದೀಯಾ?"

ಅವನು ತಲೆ ತಗ್ಗಿಸಿದ. "ನಾನು ಓದೋವಾಗ ಯೂನಿಫಾರಂ ಇರ್ಲಿಲ್ಲ. ನನ್ನ ತೇಪೆ ಚಡ್ಡಿ ನೋಡಿ ಕ್ಲಾಸೆಲ್ಲ ನಗ್ತಿತ್ತು. ಸ್ಕೂಲು ಬಿಟ್ಟಿದ್ದೇ ಅದಕ್ಕೆ. ಇವಳಾದ್ರೂ ಎಲ್ರ ಹಾಗಿರ್ಲಿ ಅಂತ..."

"ಯೂನಿಫಾರಂ ಬೇಡ ಅಂತ ನಾನೆಲ್ಲಿ ಅಂದೆ? ಇರ್ಲಿ, ಒಳ್ಳೇದೇ. ಆದ್ರೆ ಎಲ್ರ ಹಾಗಿರ್ಲಿ ಅಂತ ನೀನು ತೊಡಿಸಿದ್ದಕ್ಕೇ ಮಗು ಇವತ್ತು ಒಂಟಿಯಾಗಿ ಕೂತಿದೆ. ನೋಡ್ಕೋ."

ಅವನು ಮಗಳ ಲಂಗದ ಪಟ್ಟಿ ಮುಟ್ಟಿ ನೋಡಿದ; ಇನ್ನೂ ಹಸಿಯಾಗಿತ್ತು. ತನ್ನ ಕೈಯಾರೆ ಹೀಗಾಯಿತಲ್ಲ ಎಂದುಕೊಂಡ.

ಮರುದಿನ ಆಸ್ಪತ್ರೆ ಮುಗಿಸಿ, ಫ್ರಾಕ್ ತೊಟ್ಟ ಮಗಳ ಕೈಹಿಡಿದು ಹೆಡ್‌ಮೇಷ್ಟ್ರ ಮುಂದೆ ನಿಂತ.

"ಸಾರ್, ಯೂನಿಫಾರಂ ಒಣಗಿಲ್ಲ. ಒಣಗಿದ ದಿನ ಹಾಕಿ ಕಳಿಸ್ತೀನಿ. ವಾಪಸ್ ಕಳಿಸ್ಬೇಡಿ."

ಅವರು ಮಗುವಿನ ಬಾಡಿದ ಮುಖ ನೋಡಿದರು. "ಇಷ್ಟೇನಾ? ಮೊದಲೇ ಹೇಳಬಾರದಿತ್ತೇನಪ್ಪ?"

ತುರಿಕೆ ಈಗ ಇಳಿಯುತ್ತಿದೆ. ಇಸ್ತ್ರಿಯವನು ಹಸಿ ಬಟ್ಟೆಯನ್ನು ಮಗಳ ಮೈಗೆ ಸೋಕಿಸುವುದಿಲ್ಲ. ಗೆಳತಿಯರು ಮಾತ್ರ ಇನ್ನೂ ದೂರ ಸರಿದೇ ಕೂರುತ್ತಾರೆ.

ಅಪ್ಪಂದಿರೇ, ಅಮ್ಮಂದಿರೇ, ಬಟ್ಟೆ ತೊಡಿಸುವ ಮುನ್ನ ಪಟ್ಟಿ, ಹೊಲಿಗೆ ಮುಟ್ಟಿ ನೋಡಿ. ಹಸಿಯಿದ್ದರೆ ಬೇರೆ ಬಟ್ಟೆ ಹಾಕಿ, ಶಾಲೆಗೆ ಹೋಗಿ ಹೇಳಿ. ಮೇಷ್ಟ್ರೇ, ಹೇಳಲು ಹೆದರುವವರೂ ಇದ್ದಾರೆ, ನೀವೇ ಕೇಳಿ. ಔಷಧಿ ಹಚ್ಚಿ, ಆ ಜಾಗವನ್ನು ಬಟ್ಟೆಯಿಂದ ಮುಚ್ಚಿಕೊಂಡ ಮಗುವಿನ ಪಕ್ಕ ಕೂತ ಮಾತ್ರಕ್ಕೆ ಹುಳುಕಡ್ಡಿ ಅಂಟುವುದಿಲ್ಲ. ಇದನ್ನು ಇವತ್ತೇ ನಿಮ್ಮ ಮಕ್ಕಳಿಗೆ ತಿಳಿಸಿ ಹೇಳಿ. ಆ ಮಗು ಕಾಯುತ್ತಿದೆ.