ಕೈ ನಿಂತ ಪುಟ

ಗುಲ್ಶನ್ ಬೇಗಂ ಮೊರದ ತುಂಬ ಒಣಮೆಣಸಿನಕಾಯಿ ಸುರಿದುಕೊಂಡು ತೊಟ್ಟು ಮುರಿಯುತ್ತಿದ್ದಳು. ಎದುರಿಗೆ ನಾನೂ ಮುರಿಯುತ್ತಿದ್ದೆ, ಜೊತೆಗೆ ಗಟ್ಟಿಯಾಗಿ ಓದುತ್ತಿದ್ದೆ. ಪುಸ್ತಕ ಮಣೆಯ ಮೇಲಿತ್ತು. ಪುಟ ಮುಗಿದಾಗಲೆಲ್ಲ ಸೌಟು ಎತ್ತಿಕೊಂಡು ಅದರ ಹಿಡಿಯಿಂದ ಹಾಳೆ ತಿರುವುತ್ತಿದ್ದೆ. ಖಾರದ ಬೆರಳು ಪುಸ್ತಕಕ್ಕೆ ತಾಗಬಾರದು.

"ಸೂಗಮ್ಮ, ಚಂದ್ರ ಇನ್ನಾ ಮ್ಯಾಲ ಬಂದಿಲ್ಲೇನ್ ಬೇ?"

"ಬರಾಕತ್ಯಾನ, ತಡಿ."

"ನಾವು ಕುಂತಾಗಿಂದ ಬರಾಕತ್ಯಾನಲ್ಲ! ಬಾಗಲವಾಡದ ಬಸ್ ಹತ್ತಿದ್ರ ಇಷ್ಟೊತ್ತಿಗೆ ಊರು ಮುಟ್ತಿದ್ದ."

ರಾಯಚೂರಿನಲ್ಲಿ ತೀನ್ ಕಂದೀಲಿನ ಹಿಂದಿನ ಓಣಿಯಲ್ಲಿ ನಮ್ಮಿಬ್ಬರ ಮನೆಗಳಿಗೆ ಒಂದೇ ಕಟ್ಟೆ. ಬೇಸಿಗೆ ಹತ್ತಿರ ಬಂತೆಂದರೆ ವ್ಯಾಪಾರಿ ವಿರೂಪಣ್ಣ ಚೀಲಗಟ್ಟಲೆ ಮೆಣಸಿನಕಾಯಿ ತಂದು ಇಳಿಸುತ್ತಾನೆ, ನಾವು ತೊಟ್ಟು ಮುರಿದು ಕೊಡುತ್ತೇವೆ. ಗುಲ್ಶನ್‌ಗೆ ಕನ್ನಡ ಓದಲು ಬರುವುದಿಲ್ಲ, ಕೇಳಲು ಚೆನ್ನಾಗಿ ಬರುತ್ತದೆ. ನನಗೆ ಓದು ಬಂದದ್ದು ತಡವಾಗಿ. ದೇವದುರ್ಗದಲ್ಲಿದ್ದಾಗ, ಮೊಮ್ಮಗಳು ಹಗಲು ಶಾಲೆಗೆ ಸೇರಿದ ವರ್ಷ ನಾನು ರಾತ್ರಿ ಶಾಲೆಗೆ ಸೇರಿದೆ. ಆಮೇಲೆ ನನ್ನ ಕಣ್ಣಿಗೆ ಬಿದ್ದ ಅಕ್ಷರ ಯಾವುದೂ ತಪ್ಪಿಸಿಕೊಂಡಿಲ್ಲ.

ಪುಸ್ತಕ ಹೇಗಿದೆ ಎಂದು ಅಳೆಯಲು ನಮ್ಮ ಬಳಿ ಒಂದು ಲೆಕ್ಕವಿದೆ. ಪುಸ್ತಕ ಚೆನ್ನಾಗಿದ್ದರೆ ಕೈ ನಿಲ್ಲುತ್ತದೆ, ಚೀಲ ಉಳಿಯುತ್ತದೆ. ಸಪ್ಪೆಯಾಗಿದ್ದರೆ ಚೀಲ ಖಾಲಿಯಾಗುತ್ತದೆ.

ಈ ಸುಗ್ಗಿಯಲ್ಲಿ ಮೊದಲು ಓದಿದ್ದು, ಬೆಳಗ್ಗೆ ಐದಕ್ಕೆ ಎದ್ದು ಬದುಕಿನಲ್ಲಿ ಗೆಲ್ಲುವುದು ಹೇಗೆ ಎಂಬ ದಪ್ಪ ಪುಸ್ತಕ. ನಮ್ಮ ಓಣಿಗೆ ನಳದ ನೀರು ಬರುವುದೇ ನಾಲ್ಕೂವರೆಗೆ. ಐದಕ್ಕೆ ಎದ್ದವರಿಗೆ ಕೊಡವೇ ತುಂಬುವುದಿಲ್ಲ, ಗೆಲ್ಲುವ ಮಾತು ದೂರ ಉಳಿಯಿತು. ಆ ಪುಸ್ತಕಕ್ಕೆ ಒಂದು ಚೀಲ ಪೂರ್ತಿ ಖಾಲಿಯಾಯಿತು. ಆಮೇಲೆ ಯುರೋಪು ಸುತ್ತಿ ಬಂದ ಒಬ್ಬರ ಪ್ರವಾಸ ಕಥನ. ಯಾವ ಊರಿಗೆ ಹೋದರೂ ಅಲ್ಲಿ ಅನ್ನ ಸಾರು ಸಿಗಲಿಲ್ಲವೆಂದು ಬರೆದಿದ್ದಾರೆ. ಅಷ್ಟು ದೂರ ಸಮುದ್ರ ದಾಟಿದ ಮನುಷ್ಯ ಊಟದ ತಟ್ಟೆ ದಾಟಲಿಲ್ಲ. "ಹೆಂಡ್ತಿ ಒಂದು ಡಬ್ಬಿ ಕಟ್ಟಿ ಕೊಟ್ಟಿದ್ರ ಈ ಬುಕ್ಕೇ ಹುಟ್ತಿದ್ದಿಲ್ಲ" ಎಂದಳು ಗುಲ್ಶನ್, ಮುರಿಯುತ್ತಲೇ.

ಕೊಲೆ ಕಾದಂಬರಿಯದು ಬೇರೆ ಕಥೆ. ಗ್ರಂಥಾಲಯದ ಪ್ರತಿ. ಅಡುಗೆಯವನು ಬರುವ ಜಾಗದಲ್ಲಿ ಯಾರೋ ಪೆನ್ಸಿಲಿನಿಂದ ‘ಇವನೇ’ ಎಂದು ಬರೆದಿಟ್ಟಿದ್ದರು. ಪುಸ್ತಕ ಮುಗಿಯುವವರೆಗೂ ಇಬ್ಬರೂ ಆ ಬಡಪಾಯಿಯನ್ನು ಬೈದೆವು. ಕೊನೆಗೆ ನೋಡಿದರೆ ಅವನಲ್ಲ! ಪೆನ್ಸಿಲಿನವನ ಮೇಲೆ ಬಂದಷ್ಟು ಸಿಟ್ಟು ನನಗೆ ಕೊಲೆಗಾರನ ಮೇಲೂ ಬರಲಿಲ್ಲ. ಆದರೆ ಚೀಲ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಜೇನುಹುಳದ ಬಗ್ಗೆ ಒಬ್ಬ ವಿಜ್ಞಾನಿ ಹೆಣ್ಣುಮಗಳು ಬರೆದ ಪುಸ್ತಕಕ್ಕೂ ಹಾಗೇ ಆಯಿತು. ರಾಣಿಹುಳಕ್ಕೆ ಗೂಡು ಬಿಟ್ಟು ಹೊರಬರಲು ಪುರುಸೊತ್ತೇ ಇಲ್ಲವೆಂದು ಓದಿದಾಗ ಗುಲ್ಶನ್ ಕೈ ಬಿಟ್ಟು ಕೂತಳು. "ರಾಣಿಗೇ ಹಿಂಗಂದ್ರ ನಮ್ದೇನ್ ಬಿಡು" ಎಂದಳು.

ಈ ಲೆಕ್ಕ ವಿರೂಪಣ್ಣನಿಗೂ ತಿಳಿದುಹೋಗಿದೆ. ಅವತ್ತು ಬಂದವನೇ ಮೊದಲು ಪುಸ್ತಕ ನೋಡಿದ.

"ಯಾವುದು ನಡದದರೀ ಈಗ?"

"ನಮ್ಮ ಮಾಸ್ತರದು."

"ಅದೇ ಚಂದ್ರಂದು? ಭಾಳ ಚಲೋ ಬುಕ್ಕು ನೋಡ್ರಿ. ಇನ್ನೆರಡು ಚೀಲ ಇಳಸ್ತೀನಿ."

ಆ ಹೊಗಳಿಕೆ ನನಗೆ ಸೇರಲಿಲ್ಲ. ಏಕೆಂದರೆ ಆ ಪುಸ್ತಕ ಬರೆದವರು ದೇವದುರ್ಗದ ರಾತ್ರಿ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದ ವಿಬುಧೇಂದ್ರ ಮಾಸ್ತರರು. ಈಗ ಮಾನ್ವಿಯಲ್ಲಿದ್ದಾರೆ. ನಿವೃತ್ತರಾದ ಮೇಲೆ ಕೂತು ಒಬ್ಬ ಮಾಸ್ತರನ ಜೀವನದ ಕಾದಂಬರಿ ಬರೆದು, ದೀಪಾವಳಿಗೆ ನನಗೊಂದು ಪ್ರತಿ ಕಳಿಸಿದ್ದರು. ಜೊತೆಗೆ ಒಂದು ಚೀಟಿ: ‘ಸೂಗಮ್ಮ, ಮುಲಾಜಿಲ್ಲದೆ ನಿನ್ನ ಅಭಿಪ್ರಾಯ ಬರೆ. ನಿನ್ನ ಕಾಗದ ಬಂದ ಮೇಲೆಯೇ ಎರಡನೆಯ ಭಾಗಕ್ಕೆ ಕೈ ಹಚ್ಚುವೆ.’

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಕಾಗದ ಹೋಗಲಿಲ್ಲ.

ಮೊದಲ ಕಾರಣ ಕಾದಂಬರಿಯ ಆ ಚಂದ್ರ. ಅವನು ಕಾಲುವೆಯ ಮೇಲೆ ಹುಟ್ಟುವ ವಾಕ್ಯ ಒಂದು ಪುಟದಲ್ಲಿ ಶುರುವಾಗಿ ಮೂರನೆಯ ಪುಟದಲ್ಲೂ ಮುಗಿಯುವುದಿಲ್ಲ. ನನಗೆ ಅಲ್ಲಿಯೇ ನಿದ್ದೆ ಬರುತ್ತದೆ. ನಡುವೆ ಬಿಟ್ಟ ಪುಸ್ತಕವನ್ನು ಮೊದಲಿನಿಂದ ಓದಬೇಕೆಂಬುದು ನನ್ನ ಹಠ, ಹೀಗಾಗಿ ಪ್ರತಿ ಸಲ ಅದೇ ಚಂದ್ರನ ಕೆಳಗೆ ಮಲಗಿದ್ದೇನೆ. ನಾವು ಬಳಪದಲ್ಲಿ ಬರೆಯುತ್ತಿದ್ದ ಪಾಟಿಯ ಮೇಲೆ ಬಾಗಿ, "ಸಣ್ಣ ವಾಕ್ಯ ಬರೀರಿ, ಚುಕ್ಕಿ ಇಡ್ರಿ, ಓದವರಿಗೂ ಉಸಿರು ಬೇಕಾಗ್ತದ" ಎಂದು ದಿನವೂ ಹೇಳುತ್ತಿದ್ದವರೇ ಬರೆದ ವಾಕ್ಯ ಅದು.

ಎರಡನೆಯ ಕಾರಣ ಒಂದು ಮಾತು.

"ಅಡ್ಡಿ ಇಲ್ಲ ಅಂತ ಬರಿ, ಮುಗೀತು" ಎಂದಳು ಗುಲ್ಶನ್.

"ಯಾವ ಅಡ್ಡಿ ಇಲ್ಲ?"

ನಮ್ಮ ಕಡೆ ಹೋಳಿಗೆ ತಿಂದು ತಲೆಯಾಡಿಸುತ್ತ ‘ಅಡ್ಡಿ ಇಲ್ಲ’ ಎಂದರೆ ಇನ್ನೊಂದು ಹಾಕು ಎಂದರ್ಥ. ಬೀಗರು ತರಿಸಿದ ಸೀರೆ ಸವರಿ ‘ಅಡ್ಡಿಯಿಲ್ಲ ಬಿಡು’ ಎಂದರೆ ಅದು ಟ್ರಂಕಿನ ತಳಕ್ಕೆ ಹೋಗುತ್ತದೆ. ವರನನ್ನು ನೋಡಿ ಬಂದವರು ‘ಹೂಂ... ಅಡ್ಡಿ ಇಲ್ಲ’ ಎಂದು ಎಳೆದರೆ ಬೇರೆ ಕಡೆ ಹುಡುಕಬೇಕು. ಬಾಯಲ್ಲಿ ಇಷ್ಟೆಲ್ಲ ಆಗುವ ಮಾತು ಕಾಗದದ ಮೇಲೆ ಬರೆದರೆ ಬರೀ ನಾಲ್ಕು ಅಕ್ಷರ. ರಾಗ ಬರೆಯುವುದನ್ನು ರಾತ್ರಿ ಶಾಲೆಯಲ್ಲಿ ಕಲಿಸಿರಲಿಲ್ಲ. ನಾನು ಸೀರೆಯದನ್ನು ಬರೆದರೆ ಮಾಸ್ತರರು ಹೋಳಿಗೆಯದನ್ನು ಓದಿಕೊಳ್ಳುತ್ತಾರೆ.

ಬಾಯಿಂದಲೇ ಹೇಳೋಣವೆಂದು ಒಮ್ಮೆ ಫೋನ್ ಹಚ್ಚಿದೆ.

"ಮಾಸ್ತರ್ರೀ, ನಿಮ್ಮ ಪುಸ್ತಕ ಅಡ್..."

"ಫೋನಿನ್ಯಾಗ ಬ್ಯಾಡ! ಬರಿ. ನಿನಗ ಅಕ್ಷರ ಕಲಿಸಿದ್ದು ಯಾತಕ್ಕ?" ಎಂದು ಇಟ್ಟೇಬಿಟ್ಟರು.

ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಸರಸ್ವತಿಬಾಯಿ ಫೋನ್ ಮಾಡಿದರು, ಪಿಸುದನಿಯಲ್ಲಿ. "ಸೂಗಮ್ಮ, ಇವರು ದಿನಾ ಗೇಟಿನ ಹತ್ರ ಖುರ್ಚಿ ಹಾಕ್ಕೊಂಡು ಅಂಚೆಯವನ ದಾರಿ ಕಾಯ್ಲಿಕತ್ತಾರ. ಎರಡನೇ ಭಾಗ ಬರೀಲಿಕ್ಕೂ ಒಲ್ಲರು, ಬಿಡ್ಲಿಕ್ಕೂ ಒಲ್ಲರು. ಸೂಗಮ್ಮಗ ಹಿಡಿಸಲಿಲ್ಲ ಕಾಣಸ್ತದ, ಪೆನ್ನು ಎತ್ತಿಟ್ಟುಬಿಡ್ತೀನಿ ಅಂತಾರ. ಬೈದರೆ ಬೈರಿ, ಹೊಗಳಿದ್ರೆ ಹೊಗಳ್ರಿ. ಏನರೆ ಒಂದು ಬರೀರಿ ತಾಯಿ."

"ನೀವು ಓದೀರೇನ್ರಿ ಬಾಯಾರ?"

"ನಾನ್ಯಾಕ ಓದ್ಲಿ? ಅಷ್ಟೂ ಪುಟದಾಗ ನಾ ಒಂದೇ ಸಲ ಬಂದೀನಿ. ಅದೂ ಕಾಫಿ ಕೊಟ್ಟು ಒಳಗ ಹೋಗೀನಿ."

ಸುಮ್ಮನಿದ್ದರೆ ಮಾಸ್ತರರ ಪೆನ್ನು ನಿಲ್ಲುತ್ತದೆ. ಅವತ್ತೇ ಬರೆಯಲು ಕೂತೆ. ಬೇರೆ ಪುಸ್ತಕಗಳ ಬೆನ್ನಿನ ಮೇಲಿರುವ ಮಾತುಗಳನ್ನು ಸೇರಿಸಿ, ‘ಓದುಗರ ಅಂತಃಕರಣವನ್ನು ಕಲಕುವ ಮೇರು ಕೃತಿ’ ಎಂದು ಬರೆದೆ. ಗುಲ್ಶನ್‌ಗೆ ಓದಿ ಹೇಳಿದೆ.

"ಯಾರು ತೀರ್ಕೊಂಡ್ರು?" ಎಂದಳು.

ಅದನ್ನು ಹರಿದು ಹಾಕಿದೆ. ಹೇಗಾದರೂ ಇವತ್ತು ಚಂದ್ರನನ್ನು ದಾಟಿಯೇ ಬಿಡೋಣವೆಂದು ಮೆಣಸಿನಕಾಯಿ ಮುಂದಿಟ್ಟುಕೊಂಡು ಮತ್ತೆ ಮೊದಲಿನಿಂದ ಓದುತ್ತಿದ್ದಾಗಲೇ ಅವತ್ತು ವಿರೂಪಣ್ಣ ಬಂದದ್ದು. ಅವನು ಚೀಲ ಇಳಿಸಿ ಹೋದಮೇಲೆ ಮುಂದುವರಿಸಿದೆ. ತಲೆ ಎತ್ತಿ ನೋಡಿದರೆ ಗುಲ್ಶನ್‌ಳ ಕಣ್ಣಲ್ಲಿ ದಳದಳ ನೀರು.

"ಅಳಾಕತ್ತೀಯಲ್ಲ ಬೇ!" ನನಗೆ ಹಿಗ್ಗೋ ಹಿಗ್ಗು. ‘ಗುಲ್ಶನ್ ಬೇಗಂ ಕೇಳಿ ಅತ್ತಳು’ ಎಂದು ಬರೆದರೆ ಸುಳ್ಳೂ ಆಗುವುದಿಲ್ಲ.

"ಅಳೋದೆಲ್ಲಿ ಬಂತು, ಸೆರಗಿಗೆ ಖಾರ ಹತ್ತ್ಯದ. ನನ್ನ ಹೆಸರು ಹಾಕಿ ಏನರ ಬರದಿ ಅಂದ್ರ ನೋಡು ಮತ್ತ!"

ಬರೆಯಲಿಲ್ಲ. ಸೌಟಿನಿಂದ ಹಾಳೆ ತಿರುವಿದೆ. ಅಂತೂ ಚಂದ್ರ ಹುಟ್ಟಿದ. ಮುಂದಿನ ಅಧ್ಯಾಯದಲ್ಲಿ ರಾತ್ರಿ ಶಾಲೆ ಬಂತು. ಹೆಂಗಸೊಬ್ಬಳು ಮೊದಲ ಸಲ ತನ್ನ ಹೆಸರು ಬರೆಯುತ್ತಾಳೆ. ಪಾಟಿ ಒರೆಸು ಎಂದರೆ ಒರೆಸುವುದಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಒಯ್ಯುತ್ತಾಳೆ. ಮರುದಿನ ಮೇಲಧಿಕಾರಿಗಳು ಬಂದು ಶಾಲೆಯ ಪಾಟಿ ಎಲ್ಲಿ ಎಂದು ಮಾಸ್ತರನನ್ನು ಕೇಳುತ್ತಾರೆ. ‘ನನ್ನ ಕೈ ಜಾರಿ ಒಡೆಯಿತು ಎಂದೆ. ಬೈದರು. ಒಂದು ಹೆಸರು ಉಳಿಯಿತು.’

ಎಲ್ಲ ಸಣ್ಣ ವಾಕ್ಯಗಳು. ಪ್ರತಿಯೊಂದಕ್ಕೂ ಚುಕ್ಕೆ. ಆ ಹೆಂಗಸಿಗೆ ಮಾಸ್ತರರು ಬೇರೆ ಹೆಸರಿಟ್ಟಿದ್ದರು. ಪಾಟಿ ನನ್ನದು, ಇನ್ನೂ ನನ್ನ ಟ್ರಂಕಿನಲ್ಲಿದೆ. ಅವರು ಬೈಸಿಕೊಂಡ ಸಂಗತಿ ಮಾತ್ರ ನನಗೆ ಅವತ್ತೇ ತಿಳಿದದ್ದು.

ಪುಟ ಮುಗಿದರೂ ಸೌಟಿಗೆ ಕೈ ಹಾಕಲಿಲ್ಲ. ಗುಲ್ಶನ್ ಒಂದು ಮೆಣಸಿನಕಾಯಿ ಹಿಡಿದುಕೊಂಡು ಹಾಗೇ ಕೂತಿದ್ದಳು. ತೊಟ್ಟು ಅದರಲ್ಲೇ ಇತ್ತು.

"ಕೈ ನಿಂತದ ನೋಡು ನಿಂದು" ಎಂದೆ.

"ನಿಂದು ನಡದದೇನು?" ಎಂದಳು.

ಎದ್ದು ಪೆನ್ನು ತಂದೆ.

‘ಪೂಜ್ಯ ಮಾಸ್ತರರಿಗೆ ಸೂಗಮ್ಮನ ನಮಸ್ಕಾರ. ನಿಮ್ಮ ಪುಸ್ತಕ ಓದುವಾಗ ನಮ್ಮ ಮೆಣಸಿನಕಾಯಿ ಕೆಲಸ ಭಾಳ ಸಾಗಿತು. ವ್ಯಾಪಾರಿ ಖುಷಿಯಾಗಿದ್ದಾನೆ. ಇದು ನಿಮಗೆ ಚಲೋ ಸುದ್ದಿ ಅಲ್ಲ. ಪುಸ್ತಕ ಹಿಡಿಸಿದರೆ ನಮ್ಮ ಕೈ ನಿಲ್ಲುತ್ತದೆ. ಚಂದ್ರ ಬೇಗ ಹುಟ್ಟಲಿ. ಚುಕ್ಕೆ ಇಡಿರಿ. ನೀವೇ ಕಲಿಸಿದ್ದು. ಪಾಟಿಯ ಪುಟದಲ್ಲಿ ಚುಕ್ಕೆ ಇಟ್ಟಿದ್ದೀರಿ. ಅಲ್ಲಿ ಗುಲ್ಶನ್ ಬೇಗಂ ಕೈ ನಿಂತಿತು. ನನ್ನದೂ ನಿಂತಿತು. ಎರಡನೆಯ ಭಾಗ ಬರೆಯಿರಿ. ಬಾಯಾರನ್ನು ಕಾಫಿ ಇಲ್ಲದೆ ಕರೆತನ್ನಿರಿ. ಪಾಟಿ ಒಡೆದಿಲ್ಲ.’

ಗುಲ್ಶನ್‌ಗೆ ಓದಿದೆ. "ಅಡ್ಡಿ ಇಲ್ಲ" ಎಂದಳು, ಹೋಳಿಗೆಯ ರಾಗದಲ್ಲಿ.

ಇಬ್ಬರೂ ಅಂಚೆ ಡಬ್ಬಿಯವರೆಗೆ ನಡೆದೆವು. ಲಕೋಟೆ ಒಳಗೆ ತೂರಿಸಬೇಕು, ಅಷ್ಟರಲ್ಲಿ ಗುಲ್ಶನ್ ನನ್ನ ರಟ್ಟೆ ಹಿಡಿದಳು.

"ಕೈ ತೊಕ್ಕೊಂಡು ಬರದ್ಯೋ ಇಲ್ಲೋ?"

ತೊಳೆದಿರಲಿಲ್ಲ. ಮಾಸ್ತರರು ಗೇಟಿನ ಹತ್ತಿರ ಕೂತು ಕಾಗದ ಓದಿ, ಕಣ್ಣು ಒರೆಸಿಕೊಂಡು, ನನ್ನ ಮಾತಿಗೇ ಕಣ್ಣೀರು ಬಂತೆಂದು ತಿಳಿದರೆ? ಮತ್ತೆ ಬರೆಯುವೆನೆಂದು ಮನೆಗೆ ಹೋದರೆ ಯುಗಾದಿಯೂ ದಾಟುತ್ತದೆ. ಪಕ್ಕದ ಅಂಗಡಿಯವನ ಪೆನ್ನು ಇಸಿದುಕೊಂಡು ಲಕೋಟೆಯ ಬೆನ್ನ ಮೇಲೆ ಬರೆದೆ: ‘ಖಾರದ ಕೈ. ಓದಿದ ಮೇಲೆ ಕಣ್ಣು ಮುಟ್ಟಬೇಡಿರಿ.’

ಚುಕ್ಕೆ ಇಟ್ಟು, ಡಬ್ಬಿಗೆ ಹಾಕಿದೆ.