ಎಜ್ರಾನಿಗೆ ಎದ್ದು ನಿಂತವರು

ಹೆಸರು ಸಿಕ್ಕಿತೆಂದು ಕುಣಿಯಬೇಡಿ, ಮೊದಲು ಆ ಮಗುವನ್ನು ಸಾಯಿಸಲು ನೋಡಿ ಎಂದು ಡಾರ್ಕಸ್ ಪೆಲ್ ತನ್ನ ಸಂಜೆ ತರಗತಿಯಲ್ಲಿ ಹತ್ತೊಂಬತ್ತು ವರ್ಷ ಹೇಳಿಕೊಟ್ಟಿದ್ದಳು. ಹೊಸಬರು ಬೆಚ್ಚಿಬೀಳುತ್ತಿದ್ದರು, ಆಮೇಲೆ ನಗುತ್ತಿದ್ದರು. ಅವಳು ಹೇಳುತ್ತಿದ್ದುದು ಇಷ್ಟೇ: ಇನ್ನೂರು ವರ್ಷದ ಹಿಂದೆ ಹುಟ್ಟಿದ ಮಕ್ಕಳಲ್ಲಿ ಬಹಳಷ್ಟು ಉಳಿಯುತ್ತಿರಲಿಲ್ಲ. ಚರ್ಚಿನ ಪುಸ್ತಕದಲ್ಲಿ ಒಂದು ಮಗುವಿನ ದೀಕ್ಷಾಸ್ನಾನ ಸಿಕ್ಕರೆ, ಇವನೇ ನಿಮ್ಮ ಮೂಲಪುರುಷ ಎಂದು ಗಿರಾಕಿಗೆ ಹೇಳುವ ಮೊದಲು ಹೂಳಿದವರ ಪುಸ್ತಕವನ್ನೂ ತಿರುವಿ ಹಾಕಬೇಕು. ಆ ಊರಿನದು ಮಾತ್ರವಲ್ಲ, ಸುತ್ತಲಿನ ಊರುಗಳದ್ದೂ.

ನಮ್ಮ ಕಡೆ ಹೆಳವರು ಬಸವನ ಮೇಲೆ ಕೂತು ಬಂದು, ಮನೆತನದ ಹೆಸರುಗಳನ್ನೆಲ್ಲ ಬಾಯಲ್ಲೇ ಒಪ್ಪಿಸಿ, ದವಸ ತೆಗೆದುಕೊಂಡು ಹೋಗುತ್ತಾರೆ. ಡಾರ್ಕಸ್‌ಳದ್ದೂ ಅದೇ ಕಸುಬು. ಬಸವನ ಬದಲು ಒಂದು ಹಳೇ ಕಾರು, ಬಾಯಿಯ ಬದಲು ಪೆನ್ಸಿಲ್ಲು. ಇಂಗ್ಲೆಂಡಿನ ಲಿಂಕನ್‌ಷೈರಿನ ಸಮುದ್ರದಂಚಿನ ಜೌಗು ಸೀಮೆಯಲ್ಲಿ ಯಾರ ಅಜ್ಜ ಯಾರ ಮೊಮ್ಮಗ ಎಂಬುದು ಆ ಮನೆಯವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಇಂಥವಳು ಒಂದೇ ಒಂದು ಸಲ ತನ್ನ ಪಾಠವನ್ನು ತಾನೇ ಮರೆತಳು. ಮರೆತಳು ಎನ್ನುವುದೂ ಅವಳ ಮರ್ಯಾದೆ ಉಳಿಸುವ ಮಾತು. ಅವತ್ತು ಮಳೆ ಸುರಿಯುತ್ತಿತ್ತು, ದಾಖಲೆ ಕಚೇರಿ ಮುಚ್ಚುವ ಹೊತ್ತಾಗಿತ್ತು, ಗಿರಾಕಿ ವಾರಕ್ಕೆ ಮೂರು ಸಲ ಕೆನಡಾದಿಂದ ಫೋನು ಮಾಡಿ ಪ್ರಾಣ ತಿನ್ನುತ್ತಿದ್ದ. ಪಕ್ಕದ ಊರಿನ ಹೂಳಿದವರ ಪುಸ್ತಕದ ಪುಟಗಳನ್ನು ಫೋಟೋ ತೆಗೆದಿಟ್ಟ ಇನ್ನೊಂದು ಫಿಲ್ಮ್ ಸುರುಳಿ ನೋಡುವುದು ಬಾಕಿ ಇತ್ತು, ನೋಡಲಿಲ್ಲ.

ಆ ಗಿರಾಕಿ ಕಾರ್ವಿನ್ ಲಡಿಂಗ್ಟನ್. ಗೋಧಿ ಸೀಮೆಯಲ್ಲಿ ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿಕೊಂಡು ಮುದುಕನಾದವನು, ಮಕ್ಕಳಿಲ್ಲ. ತನ್ನ ಪೂರ್ವಿಕ ಎಜ್ರಾ ಲಡಿಂಗ್ಟನ್ ಇಂಗ್ಲೆಂಡಿನ ಯಾವ ಊರಿನಲ್ಲಿ ಹುಟ್ಟಿದ ಎಂದು ತಿಳಿಯುವುದು ಅವನ ಆಸೆ. ಡಾರ್ಕಸ್ ತನ್ನದೇ ಊರಾದ ಎಲ್ಡರ್‌ಬಿಯಲ್ಲಿ ಅವನನ್ನು ಹುಡುಕಿಕೊಟ್ಟಳು. ೧೭೬೮ರ ಡಿಸೆಂಬರಿನಲ್ಲಿ ದೀಕ್ಷಾಸ್ನಾನ, ಅಪ್ಪ ಥಾಮಸ್, ಅಮ್ಮ ಸುಸಾನಾ, ಅವರ ಹಿಂದೆ ಇನ್ನೂ ನಾಲ್ಕು ತಲೆಮಾರು, ಚರ್ಚಿನ ಅಂಗಳದಲ್ಲಿ ಸಾಲಾಗಿ ಅವರ ಸಮಾಧಿಗಳು. ಒಂದು ವಂಶವೃಕ್ಷದ ಹಾಳೆ ಕಳಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದಳು. ಕಾರ್ವಿನ್ ಅಲ್ಲಿ ಮನೆ ಮಾರಿ, ಹೆಂಡತಿ ಲೋರ್ನಾಳನ್ನು ಕರೆದುಕೊಂಡು ಬಂದು, ಡಾರ್ಕಸ್‌ಳ ಎದುರು ಮನೆಯನ್ನೇ ಕೊಂಡುಕೊಂಡ.

ಆರು ವರ್ಷದಿಂದ ಅವಳು ಪಾತ್ರೆ ತೊಳೆಯುತ್ತ ತಲೆ ಎತ್ತಿದರೆ ಎದುರಿನ ಕಿಟಕಿಯಲ್ಲಿ ಅವನು ಕೈಬೀಸುತ್ತಿದ್ದ. ಅವಳ ಕಾರು ಕೆಟ್ಟರೆ ಅವನೇ ಸರಿಮಾಡುತ್ತಿದ್ದ. ಥಾಮಸ್ ಮತ್ತು ಸುಸಾನಾರ ಕಲ್ಲಿನ ಪಾಚಿ ಕೆರೆದು, ವಾಲಿದ್ದನ್ನು ನೆಟ್ಟಗೆ ನಿಲ್ಲಿಸಿದ್ದ. ಕಳೆದ ಏಪ್ರಿಲಿನಲ್ಲಿ ಲೋರ್ನಾ ತೀರಿಕೊಂಡಾಗ ಅವಳನ್ನೂ ಅದೇ ಸಾಲಿನಲ್ಲಿ ಹೂಳಿದ.

ಸೆಪ್ಟೆಂಬರಿನಲ್ಲಿ ಡಾರ್ಕಸ್ ಬೇರೊಂದು ಮನೆತನದ ಕೆಲಸಕ್ಕಾಗಿ ಗುಡ್ಡದ ಮೇಲಿನ ಹೈಟಾಫ್ಟ್ ಊರಿನ ಸುರುಳಿ ನೋಡುತ್ತಿದ್ದಳು. ಹೂಳಿದವರ ಪಟ್ಟಿಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಎಜ್ರಾ, ಎಲ್ಡರ್‌ಬಿಯ ಥಾಮಸ್ ಮತ್ತು ಸುಸಾನಾ ಲಡಿಂಗ್ಟನ್ನರ ಮಗ, ಮೂರು ವಾರದ ಕೂಸು, ಅಲ್ಲಿ ಸಮುದ್ರದ ನೀರು ನಿಂತಿರುವುದರಿಂದ ಇಲ್ಲಿ ಹೂಳಿದೆ. ಅವತ್ತು ಮಳೆಯಲ್ಲಿ ನೋಡದೆ ಬಿಟ್ಟಿದ್ದ ಸುರುಳಿ ಇದೇ. ನೆರೆ ಬಂದ ಚಳಿಗಾಲದಲ್ಲಿ ತಗ್ಗಿನವರು ಹೆಣವನ್ನು ಗುಡ್ಡಕ್ಕೆ ಹೊತ್ತುಕೊಂಡು ಹೋಗುತ್ತಿದ್ದರೆಂದು ಬೇರೆ ಊರಿನವರಿಗೆ ಹೊಳೆಯದಿದ್ದರೆ ಕ್ಷಮಿಸಬಹುದು. ಇವಳು ಆ ತಗ್ಗಿನಲ್ಲೇ ಹುಟ್ಟಿದವಳು.

ಒಂದು ಆಸೆ ಉಳಿದಿತ್ತು. ಸತ್ತ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುವುದು ಆಗಿನ ರೂಢಿ. ಇನ್ನೊಬ್ಬ ಎಜ್ರಾ ಹುಟ್ಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಮೂರು ವಾರ ಊಟ ನಿದ್ದೆ ಬಿಟ್ಟು ಆ ಒಬ್ಬ ಹುಡುಗನಿಗಾಗಿ ಹುಡುಕಿದಳು. ಥಾಮಸ್ ದಂಪತಿಗೆ ಆಮೇಲೆ ಹುಟ್ಟಿದ್ದು ನಾಲ್ಕೂ ಹೆಣ್ಣು. ಕಾರ್ವಿನ್ ಆ ಸಮಾಧಿಗಳಿಗೆ ಏನೂ ಆಗಬೇಕಾಗಿರಲಿಲ್ಲ.

ಅಂದಿನಿಂದ ಅವಳು ಪಾತ್ರೆಯನ್ನು ತಲೆ ತಗ್ಗಿಸಿಯೇ ತೊಳೆಯತೊಡಗಿದಳು. ಅಂಗಡಿಗೆ ಹಿಂದಿನ ಓಣಿಯಿಂದ ಹೋದರೆ ಅಲ್ಲೂ ಅವನೇ, ಕೈಯಲ್ಲಿ ಅವಳಿಗೆಂದೇ ಬೆಳೆದ ಕುಂಬಳಕಾಯಿ. ಸಾಲದ್ದಕ್ಕೆ ನವೆಂಬರ್ ಬಂತು. ತೀರಿಕೊಂಡವರ ಹೆಸರುಗಳನ್ನು ಚರ್ಚಿನಲ್ಲಿ ಓದುವ ಭಾನುವಾರ ಎಲ್ಡರ್‌ಬಿಯಲ್ಲಿ ಒಂದು ಕ್ರಮವಿದೆ. ಯಾರ ಮನೆಯ ಹೆಸರು ಓದುತ್ತಾರೋ ಆ ಮನೆಯವರು ಎದ್ದು ನಿಲ್ಲಬೇಕು, ತಮ್ಮ ಹೆಸರುಗಳು ಮುಗಿಯುವವರೆಗೆ ಕೂರಬಾರದು. ಈ ಸಲ ಲೋರ್ನಾಳ ಜೊತೆಗೆ ಲಡಿಂಗ್ಟನ್ನರ ಐದು ತಲೆಮಾರನ್ನೂ ಎಜ್ರಾನನ್ನೂ ಓದಿಸಬೇಕು, ಓದುವವಳು ಡಾರ್ಕಸ್ಸೇ ಆಗಬೇಕು ಎಂದು ಕಾರ್ವಿನ್ ಪಾದ್ರಿಯನ್ನು ಒಪ್ಪಿಸಿದ್ದ. ಗಂಟಲು ಕೆಟ್ಟಿದೆ ಎಂದು ಇವಳು ನೆವ ಹೇಳಿದಳು. ಅವನು ಜೇನಿನ ಬಾಟಲಿ ತಂದುಕೊಟ್ಟ.

ಗುರುವಾರ ಸಂಜೆ ಅವಳು ಆ ಸಾಲಿನ ನಕಲನ್ನು ಚೀಲದಲ್ಲಿಟ್ಟುಕೊಂಡು ರಸ್ತೆ ದಾಟಿದಳು. ಹೇಳದೆ ಓದಿದರೆ ತಾನು ಕಲಿಸಿದ್ದೆಲ್ಲ ಸುಳ್ಳಾಗುತ್ತದೆ ಎನ್ನುವುದೊಂದೇ ಅವಳ ತಲೆಯಲ್ಲಿತ್ತು. ಕಾರ್ವಿನ್ ಟೀ ಬಸಿದ, ಬ್ರೆಡ್ಡಿಗೆ ಬೆಣ್ಣೆ ಸವರಿದ. ಗೋಡೆಯ ಮೇಲೆ ಅವಳ ಕೈಬರಹದ ವಂಶವೃಕ್ಷ ಗಾಜಿನೊಳಗಿತ್ತು. ಅವಳು ಮಾತು ಶುರುಮಾಡುವ ಮೊದಲೇ ಅವನು ಶುರುಮಾಡಿದ.

"ಲೋರ್ನಾಗೆ ಈ ಊರು ಹಿಡಿಸ್ಲೇ ಇಲ್ಲ, ಡಾರ್ಕಸ್. ನಿಮ್ಮೆದುರಿಗೆ ಬಾಯಿಬಿಟ್ಟು ಹೇಳ್ತಿರ್ಲಿಲ್ಲ ಅಷ್ಟೆ. ಆಸ್ಪತ್ರೇಲಿ ಒಂದೇ ಒಂದು ಕೇಳಿದ್ಳು, ನನ್ನನ್ನ ಊರಿಗೆ, ಅಮ್ಮನ ಪಕ್ಕಕ್ಕೆ ಕಳಿಸ್ತೀಯಾ ಅಂತ. ನಾನು ಆಗಲ್ಲ ಅಂದೆ. ಇಲ್ಲೇ ನಮ್ಮೋರ ಜೊತೆ ಇರು, ನಾನೂ ಅಲ್ಲಿಗೇ ಬರ್ತೀನಿ ಅಂದೆ. ಆಯ್ತು, ನಿನ್ನೋರಾದ್ರೆ ನನ್ನೋರೂ ಹೌದು ಅಂದ್ಳು."

ಇಷ್ಟು ಕೇಳಿದ ಮೇಲೆ ಬಾಯಿ ಹೊಲಿದುಕೊಂಡು ಎದ್ದು ಬರಬೇಕಿತ್ತು. ಬಹಳ ಜನ ಹಾಗೇ ಮಾಡುತ್ತಿದ್ದರು, ನಾನಾಗಿದ್ದರೂ ಅಷ್ಟೇ. ಡಾರ್ಕಸ್‌ಳಿಗೆ ಆಗಲಿಲ್ಲ. ಆ ಹೆಂಗಸನ್ನು ಅಲ್ಲಿ ಮಲಗಿಸಿದ್ದು ತನ್ನ ಪೆನ್ಸಿಲ್ಲೇ ಎಂದು ಗೊತ್ತಾದ ಮೇಲೆ ಅವಳು ಅರ್ಧ ಕುಡಿದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಕಾರ್ವಿನ್, ಆ ಎಜ್ರಾ ನಿಮ್ಮವನಲ್ಲ. ಮೂರು ವಾರಕ್ಕೇ ಹೋಗಿಬಿಟ್ಟಿದ್ದಾನೆ. ತಪ್ಪು ನಂದು," ಎಂದು ಹೇಳಿ ನಕಲನ್ನು ಮೇಜಿನ ಮೇಲಿಟ್ಟಳು.

ಅವನು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದ. ಇನ್ನೊಬ್ಬ ಎಜ್ರಾ ಹುಟ್ಟಿರಬಹುದಲ್ಲ ಎಂದು ಕೇಳಿದ. ಹುಡುಕಿದೆ, ಇಲ್ಲ ಎಂದಳು. ಹಾಗಾದರೆ ತಮ್ಮ ಎಜ್ರಾ ಯಾರ ಮಗ ಎಂದು ಕೇಳಿದ. ಅದು ಗೊತ್ತಾಗುವ ದಾರಿಯೇ ಕಾಣುವುದಿಲ್ಲ ಎಂದಳು. ಇದು ಇನ್ನು ಯಾರಿಗೆ ಗೊತ್ತು ಎಂದು ಕೇಳಿದಾಗ ಅವನ ದನಿ ಬೇರೆಯಾಗಿತ್ತು. ನಮ್ಮಿಬ್ಬರಿಗೇ ಎಂದಳು.

ಅವನು ಎದ್ದು ಎರಡೂ ಕಪ್ಪು ತೊಳೆದ. ಅವಳದ್ದು ಅರ್ಧ ತುಂಬಿಯೇ ಇತ್ತು. ಕಾಗದವನ್ನು ಮಡಿಚಿ ಅವಳ ಚೀಲಕ್ಕೆ ತಾನೇ ವಾಪಸ್ಸು ಹಾಕಿದ.

"ಅವಳ ಪಕ್ಕ ನಂಗೆ ಅಂತ ಆರಡಿ ಜಾಗ ಬಿಡಿಸಿದೀನಿ. ಈಗ ನಾನು ಎಲ್ಲಿಗೆ ಹೋಗ್ಲಿ ಹೇಳಿ, ಮಿಸೆಸ್ ಪೆಲ್."

ಆರು ವರ್ಷದಲ್ಲಿ ಅವನು ಅವಳನ್ನು ಹಾಗೆ ಕರೆದಿರಲಿಲ್ಲ. ಅವಳು ಕಣ್ಣೀರು ಹಾಕಿಕೊಂಡು, ಭಾನುವಾರ ಬೇರೆ ಯಾರಾದರೂ ಓದಲಿ ಎಂದಳು.

"ಇಲ್ಲ. ನೀವೇ ಓದ್ತೀರಿ. ಬರೆದವರು ನೀವು."

ಭಾನುವಾರ ಚರ್ಚು ತುಂಬಿತ್ತು. ಡಾರ್ಕಸ್ ಪಟ್ಟಿ ಹಿಡಿದು ನಿಂತು, ಒಂದೊಂದು ಮನೆಯ ಹೆಸರನ್ನೂ ಓದಿದಳು. ಜನ ಎದ್ದರು, ಕೂತರು. ಲಡಿಂಗ್ಟನ್ ಎಂದಾಗ ಕಾರ್ವಿನ್ ಒಬ್ಬನೇ ಎದ್ದ. ಎಜ್ರಾನ ಹೆಸರಿಗೆ ಬಂದಾಗ ಅವಳು ತಡೆದಳು. ಗುಡ್ಡದ ಮೇಲಿನ ಆ ಮೂರು ವಾರದ ಕೂಸಿಗಾಗಿ ಓದುತ್ತಿದ್ದೇನೆ ಎಂದುಕೊಂಡರೆ ಸುಳ್ಳಾಗುವುದಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿ ಓದಿದಳು. ಕಾರ್ವಿನ್ ನೆಟ್ಟಗೆ ನಿಂತು ಅವಳನ್ನೇ ನೋಡುತ್ತಿದ್ದ. ಆ ನೋಟದ ಮುಂದೆ ಅವಳ ಸಮಾಧಾನ ನಿಲ್ಲಲಿಲ್ಲ. ಕೊನೆಗೆ ಲೋರ್ನಾಳ ಹೆಸರು ಓದಿದ ಮೇಲೆ ಅವನು ಕೂರಲು ಮರೆತು ಮುಂದಿನ ಎರಡು ಮನೆಯವರ ಜೊತೆಗೂ ನಿಂತೇ ಇದ್ದ.

ಪ್ರಾರ್ಥನೆ ಮುಗಿದ ಮೇಲೆ ಬಾಗಿಲ ಬಳಿ ಪಾದ್ರಿ ಅವಳನ್ನು ಹೊಗಳುತ್ತಿದ್ದರು. ಕಾರ್ವಿನ್ ಬಂದು ಅವಳ ಕೈ ಹಿಡಿದುಕೊಂಡ, ಕುಲುಕಿದ ಮೇಲೂ ಬಿಡಲಿಲ್ಲ.

"ಪಾದ್ರಿಗಳೇ, ನಂಗೂ ವಯಸ್ಸಾಯ್ತು. ನಾನು ಹೋದ್ಮೇಲೆ ನಮ್ಮನೆ ಹೆಸರಿಗೆ ಎದ್ದು ನಿಲ್ಲೋಕೆ ಯಾರೂ ಇಲ್ಲ. ಇವರು ನಿಲ್ತಾರೆ. ಅಲ್ವಾ, ಮಿಸೆಸ್ ಪೆಲ್?"

ಹಿಂದೆ ಅರ್ಧ ಊರು ಕೋಟು ಹಾಕಿಕೊಳ್ಳುತ್ತ ನಿಂತಿತ್ತು. ಅವಳು ಹೌದೆಂದು ತಲೆಯಾಡಿಸಿದಳು. ಪಾದ್ರಿಗೆ ಹಿಗ್ಗೋ ಹಿಗ್ಗು. ಯಾರ್‍ಯಾರ ಮನೆಗೆ ಯಾರು ನಿಲ್ಲಬೇಕೆಂದು ಬರೆದಿಡುವ ದಪ್ಪ ಪುಸ್ತಕವನ್ನು ತರಿಸಿ, ಲಡಿಂಗ್ಟನ್ ಎಂಬ ಹೆಸರಿನ ಮುಂದೆ ಮನೆಯವರು ಎನ್ನುವ ಜಾಗದಲ್ಲಿ ಡಾರ್ಕಸ್ ಪೆಲ್ ಎಂದು ಶಾಯಿಯಲ್ಲಿ ಬರೆದರು. ಇನ್ನೂರು ವರ್ಷ ಬಿಟ್ಟು ಬರುವ ಯಾರೋ ಒಬ್ಬರು ಆ ಸಾಲನ್ನು ಓದಿ ನಂಬುವುದು ಅವಳ ಕಣ್ಣಿಗೆ ಕಟ್ಟಿತು. ಅಷ್ಟು ಹೊತ್ತೂ ಕಾರ್ವಿನ್ ಅವಳ ಕೈ ಹಿಡಿದೇ ಇದ್ದ, ಶಾಯಿ ಒಣಗಿದ ಮೇಲೆ ಬಿಟ್ಟ.