ಎಡಗಡೆಯ ಹಿಂದಿನ ಬಾಗಿಲು

ಪಟ್ ಎಂದು ಕಾರಿನ ಬಾಗಿಲ ಹಲಗೆಯ ಒಂದು ಕ್ಲಿಪ್ಪು ಬಿಟ್ಟಿತು, ಆಮೇಲೆ ಇನ್ನೊಂದು, ಪಟ್ — ಅವರೆಕಾಯಿ ಸುಲಿದ ಹಾಗೇ ಸದ್ದು, ಅತ್ತೆ ಪಟಾಲಮ್ಮ ಮೊರ ಮುಂದಿಟ್ಟುಕೊಂಡು ಕೂತರೆ ಹೀಗೇ, ಬಾಯಲ್ಲಿ ಎಲೆ ಅಡಿಕೆ, ಕೈ ಮಾತ್ರ ನಿಲ್ಲುವುದಿಲ್ಲ, ಆದರೆ ಇವತ್ತು ಬೆಳಿಗ್ಗೆ ಪಟಾಲಮ್ಮ ಮೊರ ಮುಟ್ಟಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದ್ದರು, ಹಂಸ ಕಾಫಿ ಇಟ್ಟು ಬಂದಳು, ಕೆನೆ ಕಟ್ಟಿದರೂ ಅದು ಅಲ್ಲೇ ಇತ್ತು. ಹಲಸೂರಿನ ಈ ಶೆಡ್ಡಿನಲ್ಲಿ ಮೆಕ್ಯಾನಿಕ್ ಮುರಳಿ ಕಾರಿನ ಎಡಗಡೆಯ ಹಿಂದಿನ ಬಾಗಿಲಿನ ಒಳಹಲಗೆ ಕಿತ್ತು ಗೋಡೆಗೆ ಒರಗಿಸಿದ, ಹಂಸ ಆ ಹಲಗೆಯ ಕಡೆ ನೋಡಲಿಲ್ಲ, ಬಾಗಿಲ ಹೊಟ್ಟೆಯೊಳಗೆ ನೋಡಿದಳು, ವೈರು, ಧೂಳು, ಮಗಳು ಪ್ರಿಯಾಳ ಹಳದಿ ಹೇರ್‌ಕ್ಲಿಪ್ಪು — ಅಯ್ಯೋ ಇದಕ್ಕೆ ಎಷ್ಟು ಹುಡುಕಿದ್ದು, ಮಗು ಅಳುತ್ತಲೇ ಸ್ಕೂಲಿಗೆ ಹೋಗಿತ್ತು — ಮೇಡಂ, ಸೆಂಟ್ರಲ್ ಲಾಕ್ ಯಾವಾಗಿಂದ ಹಿಂಗಿದೆ, ತಲೆ ಎತ್ತದೆ ಕೇಳಿದ ಮುರಳಿ, ನಿನ್ನೆಯಿಂದ ಅಂದಳು ಹಂಸ, ಎಷ್ಟು ಸಲೀಸಾಗಿ ಬಂತು, ನಿನ್ನೆ ಸಂಜೆ ಗಂಡ ಕೆಂಪರಾಜ್ ಮುಂದೆ ಒಂದು ಸಲ ಹೇಳಿದ್ದಕ್ಕೇ ನಾಲಿಗೆಗೆ ರೂಢಿಯಾಗಿಬಿಟ್ಟಿದೆ.

ನಿನ್ನೆಯಿಂದ ಅಲ್ಲ, ಗಣೇಶನ ಹಬ್ಬಕ್ಕೂ ಮುಂಚಿನಿಂದ, ಈಗ ಶಿವರಾತ್ರಿ ಹತ್ತಿರ ಬಂತು, ಬಿಸಿಲು ಚುರುಗುಟ್ಟುತ್ತಿದೆ, ರಿಮೋಟ್ ಒತ್ತಿದರೆ ನಾಲ್ಕು ಬಾಗಿಲೂ ಟಕ್ ಎಂದು ಬೀಳುತ್ತಿದ್ದವು, ಮತ್ತೆ ಒತ್ತಿದರೆ ಮೂರೇ ಬಿಡುತ್ತಿದ್ದವು, ಎಡಗಡೆಯ ಹಿಂದಿನದು ಒಳಗಿನಿಂದ ಜಪ್ಪಯ್ಯ ಅಂದರೂ ತೆರೆಯುತ್ತಿರಲಿಲ್ಲ, ಹೊರಗೆ ನಿಂತು ಎರಡು ಸಲ ಒತ್ತಿ ಜಗ್ಗಿದರೆ ಮಾತ್ರ, ಬಲಗಡೆಯದಕ್ಕೆ ಹೇಗೂ ಮಗುವಿಗೆಂದು ಚೈಲ್ಡ್ ಲಾಕ್ ಹಾಕಿತ್ತು. ಗೊತ್ತಾದ ದಿನವೇ ಕೆಂಪರಾಜ್‌ಗೆ ಹೇಳಬೇಕಿತ್ತು, ಹೇಳಲಿಲ್ಲ, ಯಾಕೆಂದರೆ — ಈ ಯಾಕೆಂದರೆ ಹತ್ತಿರ ಬಂದಾಗಲೆಲ್ಲ ಮನಸ್ಸು ಕುಕ್ಕರಿನ ಗ್ಯಾಸ್ಕೆಟ್ಟು, ನೆನೆಹಾಕದ ಅಕ್ಕಿ, ಒಣಗಿದ ಬಟ್ಟೆ ಎಂದು ಓಡಿಹೋಗುತ್ತದೆ — ಯಾಕೆಂದರೆ ಪಟಾಲಮ್ಮ ಸಿಗ್ನಲ್ ಬಿದ್ದ ಕಡೆಯೆಲ್ಲ ಮುಂದಿನ ಸೀಟಿನ ಬಾಗಿಲು ತೆಗೆದು ಉಗುಳುತ್ತಿದ್ದರು. ಕೆ.ಆರ್. ಪುರದಲ್ಲಿ ಒಮ್ಮೆ ಬೈಕಿನವನೊಬ್ಬ ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ಏನಜ್ಜಿ, ಮೇಲಕ್ಕೆ ಟಿಕೆಟ್ ನಂಗಾ ನಿಂಗಾ ಅಂದ, ನೀನೇ ಮೊದ್ಲು ಹೋಗಪ್ಪ, ನಂಗಿನ್ನೂ ಮೊಮ್ಮಗಳ ಮದ್ವೆ ನೋಡೋದೈತೆ ಅಂದರು ಅತ್ತೆ, ಅವನೂ ನಕ್ಕ, ಹಂಸಳೂ ನಕ್ಕಳು, ಅಪಾಯ ತಪ್ಪಲಿ ಅಂತಲೇ ಬಾಗಿಲನ್ನು ಹಾಗೇ ಬಿಟ್ಟೆ ಎಂದುಕೊಳ್ಳುವುದು ಸುಲಭ, ಆದರೆ ಕಾರಣ ಅಪಾಯವಲ್ಲ, ಇಂದಿರಾನಗರದ ಪ್ರಿಯಾಳ ಸ್ಕೂಲ್ ಗೇಟು, ಅಲ್ಲಿ ನಿಂತಿದ್ದ ತಾಯಂದಿರು, ಅವರ ಬಿಳಿ ಶೂಗಳು, ಶೂಗಳ ಪಕ್ಕದಲ್ಲೇ ಕೆಂಪಗೆ ಬಿದ್ದದ್ದು, ಒಬ್ಬಳು ದುಪಟ್ಟಾ ಎತ್ತಿಕೊಂಡು ಸರಿದಳು, ಪ್ರಿಯಾ ತಲೆ ತಗ್ಗಿಸಿದಳು, ಅಥವಾ ಮಗು ಸುಮ್ಮನೆ ಶೂ ಲೇಸು ನೋಡಿಕೊಳ್ಳುತ್ತಿತ್ತೋ ಏನೋ, ತಗ್ಗಿದ್ದು ತಾಯಿಯ ತಲೆಯೇ. ಆಮೇಲೆ, ಅತ್ತೆ, ನೀವು ಹಿಂದೆ ಎಡಗಡೆ ಕೂತ್ಕೊಳ್ಳಿ, ಅಲ್ಲಿ ಬಿಸ್ಲು ಬರಲ್ಲ. ಪಟಾಲಮ್ಮ ಹಿಡಿಯನ್ನು ಒಂದೆರಡು ಸಲ ಎಳೆದು ನೋಡಿದರು, ಏನೂ ಕೇಳಲಿಲ್ಲ, ಮುಂದಿನ ಮಂಗಳವಾರದಿಂದ ಒಂದು ಪ್ಲಾಸ್ಟಿಕ್ ಕವರು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬರತೊಡಗಿದರು, ಬಾಯಿಗೆ ಸೆರಗು ಅಡ್ಡ ಹಿಡಿದು ಆ ಕವರಿನಲ್ಲೇ ಉಗುಳುವುದು, ಮಗುವಿಗೂ ಕಾಣದ ಹಾಗೆ.

ಮಂಗಳವಾರ ಎಂದರೆ ವಿಮಾನಪುರ, ಹಾಸಿಗೆ ಹಿಡಿದ ತಂಗಿಯ ಮನೆ, ಪಟಾಲಮ್ಮನಿಗೆ ವಾರಕ್ಕೆ ಅದೊಂದೇ ತಿರುಗಾಟ, ತಂಗಿಯ ತಲೆ ಬಾಚಿ, ಅವಳಿಗೊಂದು ಎಲೆ ಮಡಚಿ ಕೊಟ್ಟು ಬರುವುದು, ಕಲ್ಯಾಣ ನಗರ ದಾಟಿ ರಿಂಗ್ ರೋಡಿಗೆ ಬಿದ್ದರೆ ಸಾಕು, ಇಲ್ನೋಡು ಹಂಸ, ಆ ಕಂಬ ಐತಲ್ಲ, ಅಲ್ಲೇ ನಮ್ ಬಾವಿ, ಇಲ್ಲಿಂದ ಅಲ್ಲೀಗಂಟ ರಾಗಿ — ಹೂಂ ಅತ್ತೆ, ಹೂಂ, ಗೇರು ಬದಲಿಸುತ್ತ ಹೂಂ. ನಿನ್ನೆ ಹೋಗುವ ಮುಂಚೆ ಶಿವಾಜಿನಗರಕ್ಕೆ ತಿರುಗಿಸಿದಳು, ಬ್ಲೌಸಿಗೆ ಲೈನಿಂಗ್ ಬೇಕಿತ್ತು, ಐದೇ ನಿಮಿಷ ಅತ್ತೆ, ಈ ಮಂಡಿ ನೋವಲ್ಲಿ ನೀವ್ಯಾಕೆ ಇಳೀತೀರ, ಗಾಜುಗಳು ಏರಿದ್ದವು, ಕೀ ಇವಳ ಕೈಯಲ್ಲಿ, ನಡೆಯುತ್ತಲೇ ಹಿಂದೆ ತಿರುಗದೆ ರಿಮೋಟ್ ಒತ್ತಿದಳು, ಟಕ್. ಲೈನಿಂಗ್ ನಾಲ್ಕೇ ನಿಮಿಷಕ್ಕೆ ಸಿಕ್ಕಿತು. ಅಂಗಡಿಯಲ್ಲಿ ರಶ್ಶು, ಸಾಲಲ್ಲಿ ನಿಂತೆ ಎಂದು ಮನೆಯಲ್ಲಿ ಹೇಳಿದಳು, ಸಾಲೂ ಇರಲಿಲ್ಲ ಏನೂ ಇರಲಿಲ್ಲ, ಮೂಲೆಯ ಹೋಟೆಲಿನಲ್ಲಿ ಫ್ಯಾನಿನ ಕೆಳಗೆ ಒಂದು ಖಾಲಿ ಕುರ್ಚಿ ಇತ್ತು, ಒಂದು ಟೀ, ಒಂದು ಸಮೋಸ, ಯಾರೂ ಅಮ್ಮಾ ಅನ್ನಲಿಲ್ಲ, ಯಾರೂ ಹಂಸಾ ಅನ್ನಲಿಲ್ಲ, ತಿಂಗಳುಗಳಾದ ಮೇಲೆ ಬಿಸಿ ಇರುವಾಗಲೇ ಕುಡಿದ ಟೀ, ಔರ್ ಏಕ್ ಟೀ, ಮೇಡಂ? ಅಂದ ಹೋಟೆಲಿನವನು, ಆಗ ನೆನಪಾಯಿತು — ಅದೇ, ಅದೇ, ಮರೆತಿದ್ದರೆ ಆಗುತ್ತಿತ್ತು, ಮರೆತಿರಲಿಲ್ಲ, ಅತ್ತೆ ಕೂತಿದ್ದಾರೆ ಎಂದು ನೆನಪಾಯಿತು, ಹೇಗೂ ಬಾಗಿಲು ತೆಗೆಯೋಕಾಗಲ್ಲ, ಎಲ್ಲಿಗೂ ಹೋಗಲ್ಲ ಎಂದೂ ಅನ್ನಿಸಿತು, ಕೊಡಿ ಅಂದಳು.

ನಲವತ್ತು ನಿಮಿಷ. ದೂರದಿಂದಲೇ ಕಂಡದ್ದು ಒಂದು ಹಸಿರು ದುಪಟ್ಟಾ, ಕಾರಿನ ಗಾಜಿಗೆ ಅಡ್ಡವಾಗಿ ಎರಡೂ ಕೈಯಲ್ಲಿ ಹರಡಿ ಹಿಡಿದು ಹೆಂಗಸೊಬ್ಬಳು ನಿಂತಿದ್ದಾಳೆ, ಎದುರಿನ ಲೇಸು ಅಂಗಡಿಯ ಶಿರೀನ್, ಹೆಸರು ಆಮೇಲೆ ತಿಳಿಯಿತು, ಬಿಸಿಲಿಗೆ ಅವಳೇ ಬೆವೆತು ಹೋಗಿದ್ದಳು, ನಿಮ್ ತಾಯೇನ್ರೀ ಇವ್ರು, ಎಷ್ಟೊತ್ರೀ, ನಂಬರ್ ಕೇಳಿದ್ರೆ ಗೊತ್ತಿಲ್ಲ ಅಂತಾರೆ, ಗ್ಲಾಸ್ ಒಡೀತೀನಿ ಅಂತ ಕಲ್ಲೂ ತಂದೆ, ಬೇಡ ಬೇಡ, ಸೊಸೆ ಬರ್ತಾಳೆ, ಬರ್ತಾಳೆ ಅಂತ ಕೈ ಮಾಡ್ತಾರೆ. ಎರಡು ಸಲ ಒತ್ತಿ ಜಗ್ಗಿದಾಗ ಒಲೆಯ ಬಾಯಿಯ ಹಾಗೆ ಕಾವು ಮುಖಕ್ಕೆ ಹೊಡೆಯಿತು, ಪಟಾಲಮ್ಮ ಇಳಿಯಲಿಲ್ಲ, ಸೀರೆ ಒದ್ದೆಯಾಗಿತ್ತು, ನೀರು ಚೆಲ್ಕೊಂಡ್ಬುಟ್ಟೆ ಕಣಮ್ಮ ಅಂದರು, ಕಾರಿನಲ್ಲಿ ನೀರಿನ ಬಾಟಲಿ ಇರಲಿಲ್ಲ, ಶಿರೀನ್ ಮುಖ ಬೇರೆ ಕಡೆ ತಿರುಗಿಸಿದಳು, ಬಲಗೈಯನ್ನು ಅತ್ತೆ ಸೆರಗಿನೊಳಗೆ ಯಾಕೆ ಸುತ್ತಿಕೊಂಡಿದ್ದರೋ ಆಗ ತಿಳಿಯಲಿಲ್ಲ. ಸಂಜೆ ಕೆಂಪರಾಜ್ ಏನಾಯ್ತು ಅಂದ, ಹಂಸ ಬಾಯಿ ತೆರೆದಳು, ಅಷ್ಟರಲ್ಲಿ ಒಳಕೋಣೆಯಿಂದ, ನಾನೇ ಕಣೋ, ಯಾವ್ದೋ ಗುಂಡಿ ಒತ್ಬುಟ್ಟೆ, ಅವ್ಳನ್ನೇನೂ ಅನ್ಬ್ಯಾಡ. ಹೂಂ, ಲಾಕು ಇವತ್ತೇ ಕೆಟ್ಟಿದ್ದು ಅಂದಳು ಹಂಸ. ಅಮ್ಮಂಗೆ ತಿಳಿವಳಿಕೆ ಹೋಗ್ತಿದೆ, ಇನ್ಮೇಲೆ ಕಾರು ಹತ್ತಿಸ್ಬೇಡ, ವಿಮಾನಪುರಾನೂ ಬೇಡ ಏನೂ ಬೇಡ ಅಂದ ಕೆಂಪರಾಜ್, ಹಂಸ ಚಪಾತಿ ಹಿಟ್ಟು ನಾದುತ್ತಲೇ ಇದ್ದಳು, ನಾಲ್ಕೇ ಜನಕ್ಕೆ ಎಂಟು ಜನರ ಹಿಟ್ಟು.

ಮೇಡಂ, ಇದು ನಿನ್ನೇದಲ್ಲ, ಮುರಳಿ ಬೆಂಕಿಪೊಟ್ಟಣದಷ್ಟಿದ್ದ ಲಾಕಿನ ಮೋಟರನ್ನು ಅಂಗೈಯಲ್ಲಿಟ್ಟು ತೋರಿಸಿದ, ತುಕ್ಕು ನೋಡಿ, ಸತ್ತು ಯಾವ ಕಾಲ ಆಯ್ತೋ, ಪಾಪ ನಿಮ್ಗೆ ಗೊತ್ತೇ ಆಗಿಲ್ಲ. ಹೊಸದು ಹಾಕಿದ, ಹಲಗೆ ಕೂರಿಸಿದ, ಹಿಡಿಗೆ ಏನೋ ಬೆಳ್ಳಗೆ ಅಂಟಿದೆ, ಒರೆಸ್ಲಾ ಮೇಡಂ, ಬೇಡ, ಬೇಡ ಅಂದಳು ಹಂಸ, ಹಾಗಿದ್ರೆ ನೀವೇ ಒಳಗೆ ಕೂತು ಒಂದ್ಸಲ ತೆಗೆದು ನೋಡಿ. ಅವನು ಹೊರಗಿನಿಂದ ಬಾಗಿಲು ಮುಚ್ಚಿದ, ರಿಮೋಟ್ ಒತ್ತಿದ, ಟಕ್, ಶೆಡ್ಡಿನ ಸುತ್ತಿಗೆ ಸದ್ದೆಲ್ಲ ದೂರ ಹೋಯಿತು, ತನ್ನ ಉಸಿರೊಂದೇ, ಫೋನು ಅಲುಗಿತು, ಕೆಂಪರಾಜ್, ರೆಡಿ ಆಯ್ತಾ, ವಿಮಾನಪುರಕ್ಕೆ ಫೋನ್ ಮಾಡಿ ಅಮ್ಮ ಇನ್ನು ಬರಲ್ಲ ಅಂತ ಹೇಳ್ಬಿಡ್ತೀನಿ, ಕಾಯ್ತಿರ್ತಾರೆ. ಹೇಳ್ಬೇಡಿ ಅಂದಳು. ಯಾಕೆ? ರೀ, ಅತ್ತೆ ಯಾವ ಗುಂಡೀನೂ ಒತ್ಲಿಲ್ಲ, ಬಾಗ್ಲು ಕೆಟ್ಟು ಆರು ತಿಂಗಳಾಯ್ತು, ನಂಗೆ ಗೊತ್ತಿತ್ತು, ಗೊತ್ತಿದ್ದೇ ಅವರನ್ನ ಇಲ್ಲಿ ಕೂರಿಸ್ತಿದ್ದೆ — ಹೊರಗೆ ಮುರಳಿ ತೆಗೀರಿ ತೆಗೀರಿ ಎಂದು ಕೈ ಮಾಡುತ್ತಿದ್ದಾನೆ, ತೆಗೆದರೆ ತೆರೆಯುತ್ತದೆ ಈಗ, ಗಾಜು ತಿಳಿಯಾಗಿದೆ, ಗಾಜಿನ ಮೇಲೆ ಬಡಿದ ಗುರುತಿಲ್ಲ, ಒಂದು ಬೆರಳಿನ ಗುರುತೂ ಇಲ್ಲ, ಅತ್ತೆ ಕೂಗಲಿಲ್ಲ ಬಡಿಯಲಿಲ್ಲ, ಇರುವುದೆಲ್ಲ ಹಿಡಿಯ ಮೇಲೇ, ಒಣಗಿದ ಸುಣ್ಣ, ಎಲೆಗೆ ಸವರಿದ ಬೆರಳಿನದು, ನಿನ್ನೆ ಸೆರಗಿನೊಳಗೆ ಸುತ್ತಿಕೊಂಡಿದ್ದ ಆ ಬಲಗೈಯದು, ಒಂದರ ಮೇಲೊಂದು, ಯಾರಿಗೂ ಕೇಳಿಸದ ಹಾಗೆ ಎಳೆದದ್ದು, ಬಿಟ್ಟು ಮತ್ತೆ ಎಳೆದದ್ದು, ಮತ್ತೆ, ಹಿಡಿಯ ಮೇಲೆ ಸುಣ್ಣ, ಹಿಡಿಯ ಮೇಲೆ ಈಗ ಹಂಸಳ ಬೆರಳು.